ಎಣಿಕೆಯ ದಿನ ಕೆಂಪವ್ವ ಊರಿಗೆ ಹೋಗಲಿಲ್ಲ

ಊರಿನ ಹೆಸರು ಬರೆಯುವುದಿಲ್ಲ. ನಾಳೆ ಬೆಳಗಾದರೆ ನನ್ನ ಟೆಂಪೋ ಆ ಊರಿನ ಅಗಸಿಯ ಮುಂದೆಯೇ ಹಾಯಬೇಕು; ಕ್ಯಾನುಗಳ ಜೊತೆ ನನ್ನನ್ನೂ ಉರುಳಿಸಿದರೆ ಕೇಳುವವರು ಯಾರು? ಚಿಕ್ಕೋಡಿ ತಾಲೂಕಿನದು ಅಂತ ಇಟ್ಟುಕೊಳ್ಳಿ, ಸಾಕು. ವಸ್ತಿಯ ಹೆಸರನ್ನು ಮಾತ್ರ ಬರೆದೇ ಬರೆಯುತ್ತೇನೆ, ಯಾಕೆಂದರೆ ಸರಕಾರದ ಯಾವ ಕಾಗದದಲ್ಲೂ ಅದನ್ನು ಈವರೆಗೆ ಯಾರೂ ಬರೆದಿರಲಿಲ್ಲ. ಹಾಲಸಿದ್ದನ ವಸ್ತಿ. ಊರಿನಿಂದ ಕಬ್ಬಿನ ಹೊಲಗಳ ನಡುವೆ ಗಾಡಿದಾರಿ ಹಿಡಿದು ಬಂದರೆ ಸಿಗುತ್ತದೆ. ನಾನು ಏಕಸಂಬಿಯ ದುಂಡೇಶ, ಎರಡೂ ಹೊತ್ತು ಅಲ್ಲಿ ಹಾಲು ಎತ್ತುವವನು.

ನಮ್ಮ ಕಡೆ ಬಹಳ ಮಂದಿಗೆ ಎರಡು ಮನೆ. ಒಂದು ಊರಾಗಿನದು. ಹಿರಿಯರು ಕಟ್ಟಿಸಿದ್ದು, ದೊಡ್ಡ ಬಾಗಿಲು, ದಪ್ಪ ಕಂಬ, ವರ್ಷದ ಹೆಚ್ಚು ದಿನ ಅದಕ್ಕೆ ಬೀಗ. ಇನ್ನೊಂದು ಹೊಲದಾಗಿನದು, ಅದಕ್ಕೇ ವಸ್ತಿ ಅನ್ನುವುದು. ಎಮ್ಮೆ ಅಲ್ಲಿ, ಒಲೆ ಅಲ್ಲಿ, ಹುಟ್ಟು ಅಲ್ಲಿ, ಸಾವು ಅಲ್ಲಿ. ಆದರೆ ಯಾರಾದರೂ ಕೇಳಿದರೆ ಎದೆ ಉಬ್ಬಿಸಿ "ನಾವು ಊರವ್ರು" ಎನ್ನಬೇಕು. ವಸ್ತಿಯವರು ಎಂದರೆ ಹೆಣ್ಣು ಕೊಡುವವರು ಮೂಗು ಮುರಿಯುತ್ತಾರಂತೆ. ಹೀಗಾಗಿ ಎಣಿಸುವವರು ಬರುತ್ತಾರೆಂದು ಗೊತ್ತಾದರೆ ಸಾಕು, ವಸ್ತಿಯ ಮಂದಿಯೆಲ್ಲ ಇಲ್ಲಿ ಬೀಗ ಜಡಿದು, ಅಲ್ಲಿ ಬೀಗ ತೆಗೆದು, ಕಸ ಹೊಡೆದು, ಊರ ಮನೆಯ ಕಟ್ಟೆಯ ಮೇಲೆ ದೊಡ್ಡ ಮನುಷ್ಯರ ಹಾಗೆ ಕೂಡುತ್ತಿದ್ದರು. ಎಣಿಸುವವರು ಅಲ್ಲಿ ಎಣಿಸಿ, ಆಮೇಲೆ ಇಲ್ಲಿಗೆ ಬಂದರೆ ಏನಿದೆ? ಬರೀ ಬೀಗ, ಬರೀ ಎಮ್ಮೆ. ಜನವಸತಿ ಇಲ್ಲ ಎಂದು ಬರೆದು ಹೋಗುತ್ತಿದ್ದರು. ಮರುತಿಂಗಳು ಇದೇ ಶಾಣ್ಯಾ ಮಂದಿ ರಸ್ತೆ ಕೊಡ್ರಿ, ಅಂಗನವಾಡಿ ಕೊಡ್ರಿ ಎಂದು ಅರ್ಜಿ ಹಿಡಿದು ಚಿಕ್ಕೋಡಿಗೆ ಹೋಗುವುದು! ಇಲ್ಲದ ಮಂದಿಗೆ ಯಾವ ಸರಕಾರ ರಸ್ತೆ ಹಾಕುತ್ತದೆ? ನನಗೆ ಮೈ ಉರಿಯುವುದು ಇದಕ್ಕೇ.

ಕೆಂಪವ್ವನಿಗೂ ಉರಿಯುತ್ತಿತ್ತು. ಆದರೆ ಅವಳದು ಬೇರೆ ಉರಿ.

ಅವಳು ಕೃಷ್ಣೆಯ ಆಚೆಗಿನ ಐಗಳಿಯವಳು. ಹಾಲಸಿದ್ದನ ಕಿರಿಯ ಮಗ ಬೀರದೇವನಿಗೆ ಕೊಟ್ಟರು. ಮದುವೆಯಾದದ್ದು ಊರ ಮನೆಯಲ್ಲಿ, ನಿಜ. ಆದರೆ ಕೈಯ ಅರಿಷಿಣ ಆರುವ ಮೊದಲೇ ಮಾವ ಅವಳನ್ನು ಹೊಲಕ್ಕೆ ಕರೆತಂದ. ಆಗ ಅಲ್ಲಿ ಕುರಿ ತುಂಬುವ ಮುಳ್ಳಿನ ಹಟ್ಟಿ, ಒಂದು ಬೇವಿನ ಗಿಡ, ಅಷ್ಟೆ. ದೀಪಾವಳಿ ಮುಗಿದ ಮೇಲೆ ಗಂಡ ಕುರಿ ಹೊಡೆದುಕೊಂಡು ಹೋದರೆ ಮಳೆಗಾಲಕ್ಕೇ ತಿರುಗಿ ಬರುವವನು. ಇವಳು ಮುದುಕ ಮಾವನ ಜೊತೆ ಕಲ್ಲು ಆರಿಸಿದಳು, ಗೋಡೆ ಎತ್ತಿದಳು, ತವರಿಂದ ಒಂದು ಪಂಢರಪುರಿ ಎಮ್ಮೆಯ ಕರು ತಂದು ಸಾಕಿದಳು. ಹೊಳೆಯ ನೀರು ಪೈಪಿನಲ್ಲಿ ಬಂತು, ಕಬ್ಬು ಬಂತು, ಕುರಿ ಹೋದವು, ಎಮ್ಮೆ ಹೆಚ್ಚಿದವು. ಊರಿನಲ್ಲಿ ಜಾಗ ಸಾಲದ ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ಬಂದು ಸುತ್ತ ಮನೆ ಹಾಕಿದರು. ಬಂದ ಪ್ರತಿ ಸೊಸೆಗೂ ಎಮ್ಮೆಯ ಕೆಚ್ಚಲು ಹಿಡಿಯಲು ಕಲಿಸಿದವಳು ಕೆಂಪವ್ವ.

ಪಂಢರಪುರಿ ಎಮ್ಮೆಗಳನ್ನು ನೀವು ನೋಡಿರಬಹುದು, ಕೋಡು ಬೆನ್ನಿನವರೆಗೆ ಇರುತ್ತವೆ. ಆ ವಸ್ತಿಯಲ್ಲಿ ಯಾವ ಎಮ್ಮೆ ಈದರೂ ಕರು ಎಳೆದು ಹಾಕಿ ಮೊದಲ ಗಿಣ್ಣದ ಹಾಲು ಹಿಂಡುವವಳು ಅವಳೇ. ಹೀಗಾಗಿ ಅಲ್ಲಿಯ ಎಮ್ಮೆಗಳು ಎರಡೇ ಕೈಗೆ ಹಾಲು ಇಳಿಸುತ್ತವೆ. ಒಂದು ಮನೆಯ ಒಡತಿಯ ಕೈ, ಇನ್ನೊಂದು ಕೆಂಪವ್ವನ ಕೈ. ಮೂರನೆಯವರು ಕೈ ಹಾಕಿದರೆ ಒದೆ. ಗಂಡಸರು ಹತ್ತಿರ ಹೋದರೆ ಆ ಕೋಡು ಯಾತಕ್ಕಿವೆ ಎಂಬುದು ತಿಳಿಯುತ್ತದೆ. ನಾನೂ ಒಮ್ಮೆ ತಿಳಿದುಕೊಂಡಿದ್ದೇನೆ, ಎಲ್ಲಿ ಎಂದು ಕೇಳಬೇಡಿ.

ಕೆಂಪವ್ವನ ಮಗ ಸಮಾಧಾನ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಗೆ ದಿನಾ ಕೆಲಸಕ್ಕೆ ಹೋಗಿ ಬರುತ್ತಾನೆ. ಸೊಸೆ ಕೋಮಲ. ಹೋದ ವರ್ಷದ ಹಿಂದಿನ ವರ್ಷ ಕೋಮಲಳಿಗೆ ಹಾಡಹಗಲೇ ಬೇನೆ ಎದ್ದಿತು, ದಿನ ತುಂಬುವ ಮೊದಲೇ. ಅಂಬ್ಯುಲೆನ್ಸಿಗೆ ಫೋನು ಮಾಡಿದರು. ಅವರು ಊರು ಕೇಳಿದರು, ಇವರು ಊರು ಹೇಳಿದರು. ಮನೆ ಯಾರದು ಅಂದರು, ಹಾಲಸಿದ್ದನದು ಅಂದರು. ಪಾಪ, ಗಾಡಿಯವನದೇನು ತಪ್ಪು? ಊರಿಗೆ ಬಂದು, ಹಾಲಸಿದ್ದನ ಮನೆ ಕೇಳಿ, ಬೀಗ ಹಾಕಿದ ದೊಡ್ಡ ಬಾಗಿಲಿನ ಮುಂದೆ ನಿಂತು ಹಾರ್ನು ಹೊಡೆದ. ಇತ್ತ ಕೋಮಲ ಟ್ರ್ಯಾಕ್ಟರಿನ ಟ್ರೇಲಿಯಲ್ಲಿ, ಕಬ್ಬಿನ ಒಣ ಗರಿಯ, ರವದಿಯ ಮೇಲೆ ಹಡೆದಳು. ಕೂಸು ಉಳಿಯಲಿಲ್ಲ. ಹೆಣ್ಣು ಕೂಸು.

ಹತ್ತಾರು ಎಮ್ಮೆ ಈದ ಕರುಗಳನ್ನು ಕೈಯಲ್ಲಿ ಹಿಡಿದ ಹೆಂಗಸು ಆ ಒಂದು ಕೂಸನ್ನು ಹಿಡಿದುಕೊಂಡು ಕೂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೋಡಬಾರದಿತ್ತು. ಅವತ್ತು ಅವಳು ಅಳಲಿಲ್ಲ. ಮಣ್ಣು ಕೊಟ್ಟು ಬಂದು ಗಂಡನಿಗೆ ಹೇಳಿದಳು:

"ಹುಟ್ಟಿದ್ದೂ ಲೆಕ್ಕಕ್ಕಿಲ್ಲ, ಸತ್ತಿದ್ದೂ ಲೆಕ್ಕಕ್ಕಿಲ್ಲ. ನಾವ ಇಲ್ಲಿ ಇಲ್ಲಂತ ನಾವಽ ಬರಸೀವಿ. ಇನ್ನ ಮ್ಯಾಲ ನಾ ಬರಸೂದಿಲ್ಲ."

ಈ ವರ್ಷ ತಾಲೂಕು ಕಚೇರಿಯಿಂದ ಒಂದು ಸುದ್ದಿ ಬಂತು. ಹೆಸರಿಲ್ಲದ ವಸ್ತಿಗಳನ್ನು ಬೇರೆ ಕಂದಾಯ ಗ್ರಾಮ ಮಾಡುವ ವಿಚಾರವಿದೆ, ಎಲ್ಲಿ ಎಷ್ಟು ಮನೆಗಳಲ್ಲಿ ಜನ ನಿಜವಾಗಿ ಬಾಳುತ್ತಾರೆ ಎಂದು ಎಣಿಸುತ್ತಾರೆ ಎಂದು. ಗ್ರಾಮವಾದರೆ ನಕಾಶೆಯಲ್ಲಿ ಹೆಸರು ಬೀಳುತ್ತದೆ, ದಾರಿ ಸರಕಾರದ ದಾರಿಯಾಗುತ್ತದೆ, ಫೋನು ಮಾಡಿದರೆ ಗಾಡಿ ನೆಟ್ಟಗೆ ಇಲ್ಲಿಗೇ ಬರುತ್ತದೆ. ಎಣಿಸಲು ನೇಮಿಸಿದ್ದು ಶಾಲೆಯ ನೀಲಮ ಟೀಚರನ್ನು. ಕಬ್ಬು ಕಡಿಯುವ ಬೌದ್ಧ ಮನೆತನದಲ್ಲಿ ಹುಟ್ಟಿ ಓದಿ ನೌಕರಿ ಹಿಡಿದ ಹುಡುಗಿ, ಮಾತು ಕಡಿಮೆ. ಮೊದಲೇ ವಸ್ತಿಗೆ ಬಂದು ಬೇವಿನ ಗಿಡದ ಕೆಳಗೆ ಎಲ್ಲರಿಗೂ ತಿಳಿಸಿ ಹೋದಳು. "ಬರೂ ಸೋಮವಾರ ಬರ್ತೀನ್ರಿ. ಆ ದಿನ ಮನ್ಯಾಗ ಯಾರ ಇರ್ತಾರೋ ಅವರನ್ನ ಕೇಳಿ ಮೊಬೈಲ್‌ನಾಗ ಹಾಕ್ತೀನಿ. ಬೀಗ ಇದ್ರ ಬೀಗ ಅಂತ ಹಾಕಬೇಕಾಗ್ತೈತಿ. ನನಗ ಇನ್ನೊಂದ ದಿನ ಕೊಟ್ಟಿಲ್ಲ."

ಕೋಮಲಳಿಗೆ ಆಗ ಮತ್ತೆ ಎಂಟನೆಯ ತಿಂಗಳು.

ಈಗ ಸತ್ತೆಪ್ಪನ ವಿಷಯ ಹೇಳಬೇಕು. ಬೀರದೇವನ ಅಣ್ಣ, ಕೆಂಪವ್ವನ ಭಾವ, ಪಂಚಾಯಿತಿ ಮೆಂಬರ. ಊರ ಮನೆಯಲ್ಲಿ ರಾತ್ರಿ ಹೊತ್ತು ಬೀಗವಿಲ್ಲದ ಒಂದು ಕೋಣೆಯಿದ್ದರೆ ಅದು ಇವನದು; ಹಗಲೆಲ್ಲ ಪಂಚಾಯಿತಿ ಕಟ್ಟೆ. ರಾಜಕಾರಣ ಮಾಡುವವನಿಗೆ ಎಮ್ಮೆಯ ಸಗಣಿ ವಾಸನೆ ಆಗುವುದಿಲ್ಲ. ಹೆಂಡತಿ ಲಗಮವ್ವ ಮಾತ್ರ ವಸ್ತಿಯಲ್ಲಿ ಮನೆ ಹಾಕಿದಾಗಿನಿಂದ ಅಲ್ಲೇ ಎರಡು ಎಮ್ಮೆ ಕಟ್ಟಿಕೊಂಡು ಇದ್ದಾಳೆ. ಸತ್ತೆಪ್ಪ ಗೆಲ್ಲುತ್ತಿದ್ದದ್ದೇ ವಸ್ತಿಯ ಓಟಿನ ಮೇಲೆ. ವಸ್ತಿ ಬೇರೆ ಗ್ರಾಮವಾದರೆ ಆ ಓಟು ಅವನ ವಾರ್ಡಿನಿಂದ ಹೊರಗೆ ಬೀಳುತ್ತವೆ. ಕುರ್ಚಿ ಅಲುಗಾಡಿದಾಗ ದೇವರು ನೆನಪಾಗುತ್ತಾನೆ. ಅದೇ ಸೋಮವಾರ ಊರ ಮನೆಯಲ್ಲಿ ಕುಲದೇವರ ಪರು ಇಟ್ಟ. ಪರು ಎಂದರೆ ಮರಿ ಕಡಿದು ಕುಲದವರಿಗೆಲ್ಲ ಊಟ ಹಾಕುವುದು. ಮನೆಮನೆಗೂ ಬಂದು ಹೇಳಿದ, ಒಂದು ಹುಳವೂ ವಸ್ತಿಯಲ್ಲಿ ಉಳಿಯಬಾರದು ಎಂದು.

"ಊರ ಬಿಟ್ಟ ಮ್ಯಾಲ ನಿಮ್ಮನ್ನ ಯಾರ ಅಂತ ಕೇಳ್ತಾರಲೇ? ನಾಳಿ ನಿಮ್ಮ ಹುಡುಗೂರಿಗಿ ಹೆಣ್ಣ ಯಾರ ಕೊಡ್ತಾರ? ದೇವರ ಅರಿಷಿಣ, ಭಂಡಾರ ಊರಾಗಿನ ಮನಿಗಿ ಐತಿ, ಹೊಲದಾಗಿನ ಛಪ್ಪರಕ್ಕ ಇಲ್ಲ!"

ಎಲ್ಲರೂ ಗೋಣು ಹಾಕಿದರು. ಬೀರದೇವ ಕೂಡ. ಒಳ್ಳೆಯ ಮನುಷ್ಯ, ಆದರೆ ಅಣ್ಣ ಕೆಮ್ಮಿದರೆ ಇವನಿಗೆ ನೆಗಡಿ.

ಸೋಮವಾರ ಮಧ್ಯಾಹ್ನ ಹೆಂಗಸರು ಹೊಸ ಸೀರೆ ಉಟ್ಟು ಹೊರಟರು. ಮದುವೆ, ಜಾತ್ರೆಗೆ ಎಲ್ಲರೂ ಹೋದಾಗ ಒಬ್ಬರು ವಸ್ತಿಯಲ್ಲಿ ಉಳಿದು ಎಲ್ಲರ ಎಮ್ಮೆ ಹಿಂಡುವುದು ಅಲ್ಲಿಯ ರೂಢಿ, ಆ ಒಬ್ಬರು ಯಾವಾಗಲೂ ಕೆಂಪವ್ವ. ಪಕ್ಕದ ಮನೆಯ ಮಂಗಲ ಹೋಗುತ್ತ ಹೋಗುತ್ತ, "ಕಾಕೂ, ಸಂಜಿಗಿ ನಮ್ಮ ಎಮ್ಮಿ ನೋಡಬೇ" ಅಂದಳು.

ಕೆಂಪವ್ವ ಹೊಸ್ತಿಲಲ್ಲಿ ಕೂತವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಾ ಮುಟ್ಟೂದಿಲ್ಲ. ಈಗ ಹೇಳೀನಿ, ಆಮ್ಯಾಲ ಹೇಳಲಿಲ್ಲ ಅನ್ನಬ್ಯಾಡ್ರಿ. ನನ್ನ ಎಮ್ಮಿ ನಾ ಹಿಂಡ್ತೀನಿ, ನಿಮ್ಮ ಎಮ್ಮಿ ನೀವು ಬಂದ ಹಿಂಡ್ರಿ."

ಹೆಂಗಸರು ನಕ್ಕರು. ಯಾಕೆ ನಗಬಾರದು? ಎಮ್ಮೆ ಒದರಿದರೆ ಗಂಟಲಲ್ಲಿ ತುತ್ತು ಇಳಿಯದ ಹೆಂಗಸು ಅವಳು. ಬೀರದೇವ ಟೊಪ್ಪಿಗೆ ಸರಿ ಮಾಡಿಕೊಳ್ಳುತ್ತ, "ಮಂದಿ ಏನಂತಾರ, ಬಾ" ಎಂದು ಮೆಲ್ಲಗೆ ಅಂದ.

"ಮಂದಿ ಅಂದದ್ದ ಕೇಳಿ ಒಂದ ಕೂಸ ಮಣ್ಣಿಗಿ ಇಟ್ಟೀನಿ. ನೀ ಹೋಗಿ ಉಂಡ ಬಾ," ಅಂದಳು. ಅವನು ಹೋದ. ಕೋಮಲ ಮಾತ್ರ ಅತ್ತೆಯ ಪಕ್ಕದಿಂದ ಏಳಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ನಾನು ಟೆಂಪೋ ತಂದು ನಿಲ್ಲಿಸಿದೆ. ನೀಲಮ ಟೀಚರು ಅಷ್ಟರಲ್ಲೇ ಸ್ಕೂಟಿಯ ಮೇಲೆ ಬಂದು ಎಲ್ಲ ಬಾಗಿಲಿನ ಬೀಗ ನೋಡಿ ಮುಗಿಸಿದ್ದಳು. ಊರ ಮನೆಯಲ್ಲಿ ಅವಳಿಗೆ ಚಹಾ ಹೊರಗಿನ ಕಟ್ಟೆಯ ಮೇಲೆ ಕೊಟ್ಟಿದ್ದರಂತೆ, ಬೇರೆ ಕಪ್ಪಿನಲ್ಲಿ. ಇಲ್ಲಿ ಕೆಂಪವ್ವ ಒಳಗೆ ಕರೆದು ಹೊರಸಿನ ಮೇಲೆ ಕೂರಿಸಿ, ತಾನು ಕುಡಿಯುವ ಗ್ಲಾಸಿನಲ್ಲೇ ಕೊಟ್ಟಳು.

"ಆಯಿ, ಒಂದ ಮನಿ ಮ್ಯಾಲ ಗ್ರಾಮ ಆಗೂದಿಲ್ರಿ," ಅಂದಳು ನೀಲಮ. ಅವಳಿಗೂ ಬೇಸರವಾಗಿತ್ತು. "ನಾ ಕಣ್ಣಿಗಿ ಕಂಡದ್ದ ಹಾಕಬೇಕು. ಕಂಡದ್ದ ಬರೀ ಬೀಗ."

"ನಿಮ್ಮ ಡ್ಯೂಟಿ ಎಷ್ಟೊತ್ತನಕ ಐತಿ?"

"ಹೊತ್ತ ಮುಳಗೂತನ್ಕ."

"ಹಂಗಾರ ಕುಂದರ್ರಿ. ಇನ್ನ ಹೊತ್ತೈತಿ," ಅಂದಳು ಕೆಂಪವ್ವ.

ತನ್ನ ಎಮ್ಮೆ ಹಿಂಡಿ, ಹಾಲು ನನ್ನ ಕ್ಯಾನಿಗೆ ಸುರಿದು, ಕೈ ತೊಳೆದು ಬಂದು ಮತ್ತೆ ಹೊಸ್ತಿಲಲ್ಲಿ ಕೂತಳು. ಅಷ್ಟರಲ್ಲಿ ಮಂಗಲಳ ಎಮ್ಮೆ ಒಂದು ಸಲ ಒದರಿತು. ಅದಕ್ಕೆ ಆಚೆ ದಾವಣಿಯಲ್ಲಿ, ಅಂದರೆ ದನ ಕಟ್ಟುವ ಸಾಲಿನಲ್ಲಿ, ನಿಂತದ್ದು ಓಗೊಟ್ಟಿತು. ಸ್ವಲ್ಪ ಹೊತ್ತಿಗೆ ಇಡೀ ವಸ್ತಿ ಒದರಲು ಹತ್ತಿತು. ಕೆಚ್ಚಲು ಬಿಗಿದು ನಿಂತ ಎಮ್ಮೆಯ ದನಿ ಕೇಳಿದ್ದೀರಾ? ಸೊಂಟದಿಂದ ಎದ್ದು ಬರುತ್ತದೆ. ಗೂಟ ಕೀಳುವ ಹಾಗೆ ಎಳೆದಾಡುತ್ತಿದ್ದವು. ಎಲ್ಲವೂ ಕೆಂಪವ್ವನ ಕಡೆಗೇ ಮುಖ ಮಾಡಿ ನಿಂತಿದ್ದವು.

ಅವಳು ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. ಅವಳ ಬೆರಳು ಒಳಗೇ ಆಡುತ್ತಿದ್ದದ್ದು ನನಗೆ ಕಾಣುತ್ತಿತ್ತು. ಕಣ್ಣಲ್ಲಿ ನೀರು ತುಂಬಿತ್ತು.

ನನಗೆ ತಡೆಯಲಾಗಲಿಲ್ಲ. "ಕಾಕೂ, ಸಾಕ ಮಾಡಬೇ. ಮೂಕ ಪ್ರಾಣಿ ಏನ ಮಾಡ್ಯಾವ? ನನ್ನ ಕ್ಯಾನ ಖಾಲಿ ಅದಾವ, ಡೇರಿಯವ್ರ ನನ್ನ ತೊಗಲ ಸುಲೀತಾರ."

"ದುಂಡ್ಯಾ, ನಿನ್ನ ಫೋನ ತಗಿ," ಅಂದಳು. "ಮಂಗಲಗ ಹಚ್ಚು."

"ಏನ ಹೇಳ್ಲಿ?"

"ನೀ ಏನೂ ಹೇಳಬ್ಯಾಡ. ಒಯ್ದ ಅಕಿ ಎಮ್ಮಿ ಬಾಯಿ ಮುಂದ ಹಿಡಿ."

ನಾನು ನಗಬೇಕೋ ಅಳಬೇಕೋ ತಿಳಿಯದೆ ಹಾಗೇ ಮಾಡಿದೆ. ಅತ್ತ ಕಡೆ ಡೊಳ್ಳಿನ ಸಪ್ಪಳದ ನಡುವೆ ಮಂಗಲ "ಹಲೋ, ಯಾರ್ರೀ?" ಅಂದಳು. ಎಮ್ಮೆ ನನ್ನ ಕೈಯನ್ನೇ ನುಂಗುವ ಹಾಗೆ ಬಾಯಿ ತೆರೆದು ಒದರಿತು. ಫೋನು ಬಂದ್ ಆಯಿತು. ಆಮೇಲೆ ಮುಂದಿನ ಮನೆ, ಅದರ ಮುಂದಿನ ಮನೆ. ಫೋನಿನ ತುಂಬ ಜೊಲ್ಲು. ಕೊನೆಗೆ ಲಗಮವ್ವನ ಎರಡೂ ಎಮ್ಮೆ, ಒಂದಾದ ಮೇಲೆ ಒಂದು. ನನ್ನ ಜನ್ಮದಲ್ಲಿ ಇಂಥ ಕೆಲಸ ಮಾಡಿರಲಿಲ್ಲ, ಶಿವನಾಣೆ. ಆ ನೀಲಮ ಟೀಚರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ಮೊದಲು ಬಂದವಳು ಮಂಗಲ. ಹೊಸ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ಓಡೋಡಿ ಬಂದಳು. ಬರುತ್ತಲೇ ಬೈಗುಳ. "ಕಾಕೂ, ನಿನ್ನ ಎದಿ ಏನ ಕಲ್ಲೇನಬೇ? ನನ್ನ ಎಮ್ಮಿ ಸತ್ತಗಿತ್ತರ!" ಬೈಯುತ್ತಲೇ ಕೆಚ್ಚಲಿಗೆ ನೀರು ಚಿಮುಕಿಸಿ ಕುಕ್ಕರಗಾಲಲ್ಲಿ ಕೂತಳು. ಹಿಂದೆಯೇ ಇನ್ನೂ ನಾಲ್ವರು, ಆಮೇಲೆ ಗುಂಪು. ಊರಲ್ಲಿ ಮರಿಯ ಸಾರು ಕುದಿಯುತ್ತಿತ್ತು, ಬಡಿಸುವವರಿಲ್ಲ. ಬಾಗಿಲುಗಳ ಬೀಗ ಕಳಚಿದವು, ಚರಿಗೆ ಹೊರಗೆ ಬಂದವು, ಗಂಡಸರೂ ಸಪ್ಪೆ ಮುಖ ಮಾಡಿಕೊಂಡು ಹಿಂದೆ ಹಿಂದೆ ಬಂದರು. ಎಲ್ಲರಿಗಿಂತ ಕೊನೆಗೆ ಸತ್ತೆಪ್ಪನ ಬೈಕು. ಹಿಂದೆ ಕೂತ ಲಗಮವ್ವ ಗಾಡಿ ನಿಲ್ಲುವ ಮೊದಲೇ ಜಿಗಿದು ತನ್ನ ದಾವಣಿಗೆ ಹೋದಳು.

ಸತ್ತೆಪ್ಪ ಬೆವರು ಒರೆಸಿಕೊಂಡು ನೀಲಮಳ ಹತ್ತಿರ ಬಂದ. "ಅಕ್ಕೋರ, ಇವ್ರೆಲ್ಲಾ ಊರವ್ರು. ದನಾ ನೋಡಾಕ ಬಂದಾರ ಅಷ್ಟ. ಹಾಲ ಹಿಂಡಿ ಹೊಳ್ಳಿ ಬರ್ತಾರ. ನೀವು ಊರಾಗ ಬರಕೊಂಡ ಬಿಡ್ರಿ."

"ಕಾಕಾ, ಯಾರ ಎಲ್ಲಿ ಇರ್ತಾರಂತ ಅವರ ಬಾಯಿಂದ ಕೇಳಬೇಕ್ರಿ ನಾ," ಅಂದು ನೀಲಮ ಮೊಬೈಲು ಹಿಡಿದು ಮಂಗಲಳ ಎದುರು ಹೋಗಿ ನಿಂತಳು. "ನೀವು ಎಲ್ಲಿ ಇರ್ತೀರಿ, ತಾಯಿ?"

ಮಂಗಲ ಹಾಲು ಹಿಂಡುವುದನ್ನು ನಿಲ್ಲಿಸಿ ಸತ್ತೆಪ್ಪನನ್ನು ನೋಡಿದಳು. ಕೈಯಲ್ಲಿ ಇಲ್ಲಿಯ ಎಮ್ಮೆಯ ಹಾಲು, ನಾಲಿಗೆಯ ಮೇಲೆ ಊರಿನ ಹೆಸರು. ನನಗೆ ಎದ್ದು ಹೋಗಿ ಅವಳ ಚರಿಗೆಯನ್ನೇ ಒದೆಯಬೇಕೆನಿಸಿತು.

ಕೆಂಪವ್ವ ಎದ್ದಳು. ಭಾವನ ಎದುರು ನಿಂತು ಮಾತಾಡುವ ರೂಢಿ ಆ ಮನೆತನದಲ್ಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ಅವನಿಗೆ ಬೆನ್ನು ಮಾಡಿ, ಲಗಮವ್ವನ ಎಮ್ಮೆಯ ಕೊರಳು ತುರಿಸುತ್ತ ಎಮ್ಮೆಗೇ ಹೇಳಿದಳು:

"ಕೇಳಬೇ ನಮ್ಮವ್ವಾ, ನಿನಗ ಬುದ್ಧಿ ಐತಿ ಅದಕ್ಕ ನಿನಗ ಹೇಳ್ತೀನಿ. ಎಲ್ಲಿ ಕಟ್ಯಾರೋ ಅಲ್ಲೇ ನಿಂತ ಒದರಿದಿ. ಊರಾಗಿನ ದೊಡ್ಡ ಬಾಗಲದ ಮುಂದ ಹೋಗಿ ಒದರಲಿಲ್ಲ. ಇವರಿಗಿ ಅಷ್ಟೂ ತಿಳಿಯವಲ್ದು. ಅಂಬ್ಯುಲೆನ್ಸ ಊರಾಗ ಬೀಗದ ಮುಂದ ನಿಂತ ಒದರಿತು, ನನ್ನ ಸೊಸಿ ಇಲ್ಲಿ ರವದಿ ಮ್ಯಾಲ ಒದರಿದ್ಲು. ಆ ಕೂಸಿನ ಮಾರಿ ಇವರೆಲ್ಲಾ ನೋಡ್ಯಾರ. ಆವತ್ತ ಯಾವ ಊರ ಬಂತು? ಯಾವ ಭಂಡಾರ ಬಂತು? ಮೆಂಬರಕಿ ಹೋಗ್ತೈತಂತ ಹೆದರ್ತಾರ. ಹೋಗ್ಲಿ. ಅದೇನ ಹಾಲ ಕೊಡ್ತೈತಿ?"

ಬೀರದೇವ ಗುಂಪಿನ ಹಿಂದಿನಿಂದ ಬಂದು, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ತನ್ನ ಮನೆಯ ಬಾಗಿಲಲ್ಲಿ ಸೊಸೆಯ ಪಕ್ಕದಲ್ಲಿ ಕೂತ. ಅವನಿಂದ ಅಷ್ಟಾದದ್ದೇ ದೊಡ್ಡದು.

"ಇಲ್ಲೇ ಇರ್ತೀವ್ರಿ," ಅಂದಳು ಮಂಗಲ. "ನಾವ ಐದ ಮಂದಿ. ಬರಕೊಳ್ರಿ."

ಆಮೇಲೆ ನೀಲಮ ದಾವಣಿಯಿಂದ ದಾವಣಿಗೆ ನಡೆದಳು. ಹಾಲು ಚರಿಗೆಗೆ ಬೀಳುವ ಸಪ್ಪಳ, "ಇಲ್ಲೇ", ಹೆಸರು, ಮತ್ತೆ ಸಪ್ಪಳ. ಒಬ್ಬ ಗಂಡಸು "ನಾವು ಊರ..." ಎಂದು ಬಾಯಿ ತೆರೆದ. ಅವನ ಹೆಂಡತಿ ಕೂತಲ್ಲಿಂದಲೇ "ಗಪ್ ಕುಂದ್ರು" ಅಂದಳು. ಕುಂತ.

ಸಾಲಿನ ತುದಿಯ ಮನೆ ಲಗಮವ್ವನದು. ಸತ್ತೆಪ್ಪ ಅವಳ ತಲೆಯ ಮೇಲೆಯೇ ನಿಂತಿದ್ದ. ನೀಲಮ ಕೇಳಿದಳು. ಲಗಮವ್ವ ಎಮ್ಮೆಯ ಹೊಟ್ಟೆಗೆ ಹಣೆ ಹಚ್ಚಿ ಹಿಂಡುತ್ತಿದ್ದವಳು ತಲೆ ಎತ್ತಲಿಲ್ಲ.

"ನಾ ಇಲ್ಲೇ ಇರ್ತೀನ್ರಿ. ಮನಿ ಹಾಕಿದಾಗಿಂದ ಇಲ್ಲೇ ಅದೀನಿ."

"ಯಜಮಾನ್ರು?"

"ಅವರು ಊರಾಗ ಇರ್ತಾರ. ಅವರನ್ನ ಅಲ್ಲೇ ಬರಕೊಳ್ರಿ."

ಸತ್ತೆಪ್ಪನ ಮುಖ ನೋಡುವ ಧೈರ್ಯ ನನಗಾಗಲಿಲ್ಲ, ನೋಡಿದೆ ಅನ್ನಿ. ಒಂದು ಸಲ ಕೆಮ್ಮಿದ. ಬೀರದೇವ ಕೂಡ ತಿರುಗಿ ನೋಡಲಿಲ್ಲ. "ಅಲ್ಲಿ ಮಂದಿ ಊಟಕ್ಕ ಕಾಯಾಕತ್ತಾರ, ಬರ್ತೀಯೋ ಇಲ್ಲೋ?" ಎಂದು ಹೆಂಡತಿಯನ್ನು ಕೇಳಿದ.

"ನೀಡಿಕೊಂಡ ಉಣ್ರಿ," ಅಂದಳು ಲಗಮವ್ವ.

ಬೈಕು ಧೂಳೆಬ್ಬಿಸಿ ಹೋಯಿತು. ನನ್ನ ಕ್ಯಾನುಗಳು ತುಂಬಿದವು. ಗ್ರಾಮ ಮಾಡುತ್ತಾರೋ ಬಿಡುತ್ತಾರೋ, ಅದು ಚಿಕ್ಕೋಡಿ, ಬೆಳಗಾವಿ ಸುತ್ತಿ ಬರಬೇಕಾದ ಮಾತು. ಸರಕಾರದ ಕೆಲಸ ನಿಮಗೇ ಗೊತ್ತು. ಆದರೆ ಜನವಸತಿ ಇಲ್ಲ ಎಂದು ಬರೆಯುವ ಸೌಕರ್ಯ ಇನ್ನು ಯಾರಿಗೂ ಇಲ್ಲ.

ಹೊತ್ತು ಮುಳುಗುತ್ತಿತ್ತು. ನೀಲಮ ಕೊನೆಗೆ ಕೆಂಪವ್ವನ ಮನೆಯ ಲೆಕ್ಕಕ್ಕೆ ಕೂತಳು. ಬೀರದೇವ, ಕೆಂಪವ್ವ, ಸಮಾಧಾನ, ಕೋಮಲ. "ನಾಲ್ಕ ಮಂದಿ, ಬರೋಬರಿ?" ಅಂದಳು.

"ಮುಂದಿನ ತಿಂಗಳ ಐದ ಆಗ್ತೀವಿ," ಅಂದಳು ಕೆಂಪವ್ವ. ಕೋಮಲ ನಾಚಿ ತಲೆ ತಗ್ಗಿಸಿದಳು.

"ಇನ್ನೂ ಹುಟ್ಟಲಾರದ್ದನ್ನ ಹಾಕಾಕ ಬರೂದಿಲ್ಲ, ಆಯಿ."

ಕೆಂಪವ್ವ ಸೊಸೆಯ ಬೆನ್ನ ಮೇಲೆ ಕೈ ಇಟ್ಟಳು. ಸಂಜೆಯೆಲ್ಲ ಸೆರಗಿನಲ್ಲಿ ಸುತ್ತಿಟ್ಟುಕೊಂಡಿದ್ದ ಅದೇ ಕೈ.

"ಈಗ ಹಾಕಬ್ಯಾಡ್ರಿ. ಹುಟ್ಟಿದ ಮ್ಯಾಲ ಬರ್ರಿ. ಎಲ್ಲಿಗಿ ಬರಬೇಕಂತ ಈ ಸಲ ನಿಮಗ ಗೊತ್ತೈತಿ."